ಮಟ್ಟುಗುಳ್ಳದ ಸೊರಗು ಮತ್ತು ಪೆಪ್ಟೈಡ್ ಮದ್ದು

ನಿನ್ನೆ ಸಂಜೆ ಹಸುರಾಗಿ ನಿಂತಿದ್ದ ಗುಳ್ಳದ (ಮಟ್ಟುವಿನ ಬದನೆಯ) ಗಿಡ ಇಂದು ಮಧ್ಯಾಹ್ನ ಜೋತುಬಿದ್ದಿದೆ. ಎಲೆಯಲ್ಲಿ ಚುಕ್ಕೆಯಿಲ್ಲ, ಗದ್ದೆಯಲ್ಲಿ ನೀರಿಗೂ ಕೊರತೆಯಿಲ್ಲ. ಉಡುಪಿಯ ಕಟಪಾಡಿ ಬಳಿಯ ಮಟ್ಟುವಿನಲ್ಲಿ ಇಂಥ ಗಿಡ ಕಂಡರೆ ನಾನು ಮೊದಲು ಕೇಳುವುದು ಗಾಜಿನ ಲೋಟದಲ್ಲಿ ತಿಳಿನೀರು. ಬುಡದ ಹತ್ತಿರ ಕಾಂಡ ಕತ್ತರಿಸಿ, ಆ ತುದಿಯನ್ನು ನೀರಿಗೆ ತಾಗಿಸಿ ಅಲುಗಾಡದೆ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಯೊಂದು ಮೆಲ್ಲಗೆ ಕೆಳಗಿಳಿಯುತ್ತದೆ. ಅದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ನೀರು ಏರುವ ನಾಳಗಳನ್ನೆಲ್ಲ ಅದು ತುಂಬಿಕೊಂಡಿರುತ್ತದೆ. ಒದ್ದೆ ಮಣ್ಣಿನಲ್ಲಿ ನಿಂತೇ ಗಿಡ ಬಾಯಾರಿ ಸಾಯುತ್ತದೆ. ಇದೇ ಸೊರಗು ರೋಗ.

"ಹೊಸ ಪೆಪ್ಟೈಡ್ ಮದ್ದು ಬಂದಿದೆಯಂತೆ, ಅದನ್ನು ಹಾಕಿದರೆ ಆಗುವುದಿಲ್ಲವೇ ಮಾರಾಯರೇ?" ಎಂದು ಬೆಳೆಗಾರರೊಬ್ಬರು ಕೇಳಿದರು.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಗಿಡ್ಡ ಸರ. ಕಪ್ಪೆಯ ಚರ್ಮ, ಪತಂಗದ ರಕ್ತ, ಗಿಡದ ಬೀಜ, ಎಲ್ಲವೂ ರೋಗಾಣುಗಳ ವಿರುದ್ಧ ಇಂಥವನ್ನು ತಯಾರಿಸಿಕೊಳ್ಳುತ್ತವೆ. ಅವುಗಳ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಪೋಣಿಸಿದ್ದೇ ಕೃತಕ ಪೆಪ್ಟೈಡ್. ಸ್ಪೇನಿನ ಜಿರೋನಾದಲ್ಲಿ ರೂಪಿಸಿದ ಬಿಪಿ100 ಎಂಬುದರಲ್ಲಿ ಇರುವುದು ಬರೀ 11 ಅಮೈನೋ ಆಮ್ಲ. ಅದರ ಮೈಯಲ್ಲಿ ಧನ ವಿದ್ಯುದಾವೇಶ, ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ಆವೇಶ. ತಾಗಿದ್ದೇ ಅಂಟಿಕೊಂಡು ಪೊರೆಯನ್ನೇ ಹರಿದುಹಾಕುತ್ತದೆ. ಸ್ಟ್ರೆಪ್ಟೋಮೈಸಿನ್‌ನಂಥ ಆಂಟಿಬಯೋಟಿಕ್ ಆದರೆ ಒಂದೇ ಜೀನ್ ಬದಲಾದರೂ ಬ್ಯಾಕ್ಟೀರಿಯಾ ಅದನ್ನು ತಾಳಿಕೊಳ್ಳಬಹುದು. ಇಡೀ ಪೊರೆಯನ್ನು ಬದಲಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಈ ಗುಣಕ್ಕಾಗಿಯೇ ನನಗೆ ಇದರ ಮೇಲೆ ಬಹಳ ಆಸೆ.

ಆದರೆ ನಮ್ಮ ಶತ್ರು ಕೂತಿರುವುದು ಕಾಂಡದ ಒಳಗೆ, ಬೇರಿನ ಸುತ್ತಲಿನ ಮಣ್ಣಿನಲ್ಲಿ. ಎಲೆಗೆ ಸಿಂಪಡಿಸಿದ್ದು ಅಲ್ಲಿಗೆ ತಲಪುವುದಿಲ್ಲ. ಬುಡಕ್ಕೆ ಹೊಯ್ದರೆ ಜೇಡಿಕಣಗಳು ಅದನ್ನು ಹಿಡಿದುಕೊಳ್ಳುತ್ತವೆ, ಏಕೆಂದರೆ ಅವುಗಳಿಗೂ ಋಣ ಆವೇಶವೇ. ಉಳಿದದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕತ್ತರಿಸಿ ತಿಂದುಬಿಡುತ್ತವೆ. ತಯಾರಿಕೆಯ ಖರ್ಚೂ ದೊಡ್ಡದು. ಆದ್ದರಿಂದ ಬಾಡಿದ ಗಿಡಕ್ಕೆ ಪೆಪ್ಟೈಡ್ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಸಿಮಡಿಯಲ್ಲಿ, ನೆಡುವ ಮುನ್ನ ಬೇರನ್ನು ಅದ್ದುವ ಸ್ವಲ್ಪ ದ್ರಾವಣಕ್ಕೆ ಬೇಕಾದರೆ ಇದನ್ನು ಪರೀಕ್ಷಿಸಬೇಕು. ಮೊದಲ ಪ್ರಯೋಜನ ಅಲ್ಲಿ ಸಿಕ್ಕೀತು ಎಂಬುದು ನನ್ನ ಅಭಿಪ್ರಾಯ.

ಈ ಹಂಗಾಮಿಗೆ ಕೈಯಲ್ಲಿರುವ ಉಪಾಯ ಬೇರೆ: ಬದನೆಯ ಕಾಡುನೆಂಟ ಸುಂಡೆ ಗಿಡದ ಬೇರಿನ ಮೇಲೆ ಗುಳ್ಳವನ್ನು ಕಸಿ ಕಟ್ಟುವುದು, ರೋಗದ ಸಾಲಿನ ನೀರು ಪಕ್ಕದ ಸಾಲಿಗೆ ಹರಿಯದಂತೆ ತಡೆಯುವುದು. ಬಾಡಿದ ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು ಗೋಣಿಗೆ ತುಂಬಿ, ಗದ್ದೆಯಿಂದ ದೂರ ಒಯ್ದು ಸುಡಿ. ತೋಡಿಗೆ ಮಾತ್ರ ಎಸೆಯಬೇಡಿ; ಅದೇ ನೀರನ್ನು ಕೆಳಗಿನ ಗದ್ದೆಯವರು ಗುಳ್ಳಕ್ಕೆ ಹಾಯಿಸುತ್ತಾರೆ.