ಆರನೇ ತಿಂಗಳಲ್ಲಿ ನಿಲ್ಲುವ ಮಾತ್ರೆ

"ತಗೊಳ್ತಾ ಇದೀನಿ ಮೇಡಂ" ಅನ್ನುವ ಉತ್ತರ ಕೇಳಿ ಸುಮ್ಮನಾಗುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಈಗ ಪ್ರತಿ ಬಸುರಿಗೂ ಮೊದಲೇ ಹೇಳಿಬಿಡುತ್ತೇನೆ: ಬರುವಾಗ ತಾಯಿ ಕಾರ್ಡಿನ ಜೊತೆ ಕಬ್ಬಿಣದ ಮಾತ್ರೆಯ ಶೀಟೂ ಬರಬೇಕು, ಖಾಲಿಯಾದದ್ದೂ ಸೇರಿ. ತಿಪಟೂರು ಸುತ್ತಲಿನ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ಕ್ಯಾನಿಂಗ್ ರಿಪೋರ್ಟಿನ ಮಡಿಕೆಯೊಳಗಿಟ್ಟು ತರುತ್ತಾರೆ.

ಹೋದ ತಿಂಗಳು ಒಬ್ಬಳು ಬಂದಳು. ಚೊಚ್ಚಲು, 26 ವಾರ. ಕವರಿನಿಂದ ಮೂರು ಶೀಟು ತೆಗೆದು ಮೇಜಿನ ಮೇಲಿಟ್ಟಳು. ಮೊದಲನೆಯದರಲ್ಲಿ ಹತ್ತಕ್ಕೆ ಹತ್ತೂ ಖಾಲಿ. ಎರಡನೆಯದರಲ್ಲಿ ಮೂರು ಖಾಲಿ, ನಾಲ್ಕನೆಯದರ ಮೇಲಿನ ಬೇಗಡೆಯನ್ನು ಉಗುರಿನಿಂದ ಅರ್ಧ ಬಿಡಿಸಿ ಹಾಗೇ ಬಿಟ್ಟಿತ್ತು. ಒಳಗಿನ ಕೆಂಪು ಮಾತ್ರೆ ತೇವ ಹಿಡಿದು ಬಣ್ಣ ಬಿಟ್ಟಿತ್ತು. ಮೂರನೆಯ ಶೀಟು ಮುಟ್ಟೇ ಇಲ್ಲ. ಅಂದರೆ ಹದಿಮೂರು ದಿನ ನುಂಗಿದ್ದಾಳೆ, ಹದಿನಾಲ್ಕನೆಯ ದಿನ ಮಾತ್ರೆ ಬಿಡಿಸುತ್ತಿದ್ದಾಗ ಯಾರೋ ಬೇಡ ಅಂದಿದ್ದಾರೆ.

ಯಾರು ಅಂತ ಕೇಳಬೇಕಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆಯೇ ಹೇಳಿದರು. "ನಾನೇ ನಿಲ್ಸಿದ್ದು ಮೇಡಂ. ನಾಕನೇ ತಿಂಗ್ಳಲ್ಲಿ ರಕ್ತ ಹನ್ನೊಂದೂವರೆ ಇತ್ತು. ಮಾತ್ರೆ ಶುರು ಮಾಡಿದ್ಮೇಲೆ ಹತ್ತಕ್ಕೆ ಬಂತು. ನುಂಗಿ ನುಂಗಿ ಇಳಿಯೋದಾದ್ರೆ ಯಾಕ್ ನುಂಗ್ಬೇಕು?"

ಆಕೆ ತಿಳಿವಳಿಕೆ ಇಲ್ಲದವರಲ್ಲ. ಡೈರಿಗೆ ಹಾಕಿದ ಹಾಲು, ಮಂಡಿಗೆ ಹೋದ ಕೊಬ್ಬರಿ, ಎಲ್ಲದರ ಲೆಕ್ಕ ಬಾಯಲ್ಲೇ ಇಟ್ಟುಕೊಂಡಿರುವ ಹೆಂಗಸು. ಎರಡು ಅಂಕಿ ನೋಡಿದರು, ಕಳೆದರು, ತೀರ್ಮಾನ ಮಾಡಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿಯರೂ ಮೊಬೈಲಿನಲ್ಲಿ ರಿಪೋರ್ಟು ಕಳಿಸಿ ಇದನ್ನೇ ಕೇಳುತ್ತಾರೆ. ವಾರಕ್ಕೆ ನಾಲ್ಕೈದು ಸಲವಾದರೂ ನಾನು ಇದಕ್ಕೆ ಉತ್ತರ ಹೇಳುತ್ತೇನೆ. ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ಅರ್ಧಂಬರ್ಧ ಹೇಳಿ ಕಳಿಸಿದ್ದೂ ಇದೆ, ಆಮೇಲೆ ಮನಸ್ಸಿಗೆ ಚುಚ್ಚಿದ್ದೂ ಇದೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಮನೆಯಲ್ಲಿ ನಾಲ್ಕು ಜನಕ್ಕೆ ಬೇಳೆ ಸಾರು ಕುದಿಯುತ್ತಿದೆ. ಊಟದ ಹೊತ್ತಿಗೆ ಸರಿಯಾಗಿ ಇಬ್ಬರು ನೆಂಟರು ಬಂದರು. ಎರಡು ಚೊಂಬು ನೀರು ಸೇರಿಸಿ, ಬೆಂದ ಬೇಳೆ ಇದ್ದಷ್ಟು ಕದಡಿ ಹಾಕುತ್ತೀರಿ. ಈಗ ಪಾತ್ರೆಯಲ್ಲಿ ಬೇಳೆ ಮೊದಲಿಗಿಂತ ಜಾಸ್ತಿಯೇ ಇದೆ. ಆದರೆ ಸೌಟಿನಲ್ಲಿ ಎತ್ತಿ ನೋಡಿದರೆ ಸಾರು ತೆಳ್ಳಗಾಗಿದೆ. ರಕ್ತದ ಕೆಂಪು ಕಣಗಳಲ್ಲಿರುವ, ಕಬ್ಬಿಣ ಸೇರಿ ಆಗುವ ಹಿಮೋಗ್ಲೋಬಿನ್ನೇ ಇಲ್ಲಿ ಬೇಳೆ; ಹಿಮೋಗ್ಲೋಬಿನ್ ಪರೀಕ್ಷೆ ಅಂದರೆ ಆ ಸೌಟು. ಒಂದು ಸೌಟಿನಲ್ಲಿ ಎಷ್ಟು ಬೇಳೆ ಬಂತು ಅಂತ ಅದು ಹೇಳುತ್ತದೆ, ಪಾತ್ರೆಯಲ್ಲಿ ಒಟ್ಟು ಎಷ್ಟಿದೆ ಅಂತ ಹೇಳುವುದಿಲ್ಲ.

ಬಸುರಿಯ ಮೈಯಲ್ಲೂ ಹೀಗೇ. ರಕ್ತದ ನೀರಿನ ಭಾಗ, ನಾವು ಪ್ಲಾಸ್ಮಾ ಅನ್ನುವುದು, ಹೆರಿಗೆ ಹೊತ್ತಿಗೆ ಸುಮಾರು ಶೇ 40ರಿಂದ 50ರಷ್ಟು ಹೆಚ್ಚಿರುತ್ತದೆ. ಕೆಂಪು ಕಣಗಳು ಹೆಚ್ಚುವುದು ಶೇ 20ರಿಂದ 30ರಷ್ಟು ಮಾತ್ರ. ನೀರು ಮುಂದೆ ಓಡುತ್ತದೆ, ಕಣಗಳು ಹಿಂದಿನಿಂದ ನಡೆದುಕೊಂಡು ಬರುತ್ತವೆ. ಇವೆರಡರ ಅಂತರ ಎದ್ದು ಕಾಣುವುದು ಐದನೇ ತಿಂಗಳಿಂದ ಏಳನೇ ತಿಂಗಳವರೆಗೆ. ಅದಕ್ಕೇ ಈ ತಿಂಗಳುಗಳಲ್ಲಿ ಅಂಕಿ ತಾನಾಗಿ ಒಂದಿಷ್ಟು ಇಳಿಯುತ್ತದೆ, ಚೆನ್ನಾಗಿ ಉಂಡು ತಿಂದವರಿಗೂ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ಬಸುರಿನ ಮೊದಲ ಮತ್ತು ಕೊನೆಯ ಮೂರು ತಿಂಗಳಿಗೆ 11 ಇರುವ ರಕ್ತಹೀನತೆಯ ಗೆರೆ, ನಡುವಿನ ಮೂರು ತಿಂಗಳಿಗೆ 10.5ಕ್ಕೆ ಇಳಿದಿರುವುದು ಇದೇ ಕಾರಣಕ್ಕೆ.

ಈ ನೀರು ದಂಡಕ್ಕೆ ಬಂದದ್ದಲ್ಲ. ಗರ್ಭಕೋಶಕ್ಕೆ, ಮಾಸಿಗೆ, ಮೂತ್ರಪಿಂಡಕ್ಕೆ ಈಗ ಹೆಚ್ಚು ರಕ್ತ ಹರಿಯಬೇಕು. ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೂ ರಕ್ತ ಹೋಗಬಹುದು, ಅದನ್ನು ತಡೆದುಕೊಳ್ಳಲು ಮೈ ಈಗಲೇ ಸಿದ್ಧವಾಗುತ್ತಿದೆ. ನೋಡುವಾಗ ನನಗೆ ಇವತ್ತಿಗೂ ಬೆರಗಾಗುವ ಸಂಗತಿ ಇದು.

ಸಾರು ತೆಳ್ಳಗಾಗುವ ಹೊತ್ತಿನಲ್ಲಿ ಬೇಳೆ ಹಾಕುವುದನ್ನೇ ನಿಲ್ಲಿಸಿದರೆ? ಮಾತ್ರೆ ನುಂಗಿದ್ದರಿಂದ ರಕ್ತ ಇಳಿಯಲಿಲ್ಲ. ಮಾತ್ರೆ ನುಂಗದಿದ್ದರೆ ಇನ್ನೂ ಇಳಿಯುತ್ತಿತ್ತು. ಇದನ್ನು ಆ ಅತ್ತೆಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಅವರೇ "ಓ, ನೀರು ಜಾಸ್ತಿ ಆಗಿ" ಅಂದರು. ನನಗೆ ಅಷ್ಟು ಸಾಕಿತ್ತು.

ಮಗು ಏನು ಮಾಡುತ್ತಿರುತ್ತದೆ ಅಂತ ತಿಳಿದರೆ ಮಾತ್ರೆಯ ಅವಸರವೂ ತಿಳಿಯುತ್ತದೆ. 24 ವಾರಕ್ಕೆ ಅದು ಸುಮಾರು 600 ಗ್ರಾಂ, ಚರ್ಮ ಸುಕ್ಕುಸುಕ್ಕು, ಒಳಗಿನ ರಕ್ತನಾಳ ಕಾಣುವಷ್ಟು ತೆಳು. 28 ವಾರಕ್ಕೆ ಒಂದು ಕಿಲೋ ದಾಟುತ್ತದೆ. ಮುಚ್ಚಿದ್ದ ರೆಪ್ಪೆ ಈ ನಡುವೆ ಬಿಡಿಸಿಕೊಳ್ಳುತ್ತದೆ, ಶ್ವಾಸಕೋಶ ಗಾಳಿಗೆ ಹದವಾಗಲು ಶುರುವಾಗುತ್ತದೆ, ಕಿವಿ ಕೇಳುತ್ತದೆ. "ಮಿಕ್ಸಿ ಹಾಕಿದ್ರೆ ಒಳಗಡೆ ಬೆಚ್ಚಿಬೀಳುತ್ತೆ ಮೇಡಂ" ಅಂತ ಹುಡುಗಿಯರು ಕಣ್ಣರಳಿಸಿ ಹೇಳುವುದು ಈ ವಾರಗಳಲ್ಲೇ. ಈ ಒಂದು ಮಾತಿಗೆ ನಾನು ಎಷ್ಟು ಅವಸರದಲ್ಲಿದ್ದರೂ ಪೆನ್ನು ಕೆಳಗಿಡುತ್ತೇನೆ.

ಇಲ್ಲಿಂದ ಮುಂದೆ ಮಗು ಕಬ್ಬಿಣ ಕೂಡಿಡಲು ತೊಡಗುತ್ತದೆ. ಅದು ಹುಟ್ಟುವಾಗ ತರುವ ಕಬ್ಬಿಣದ ಹೆಚ್ಚಿನ ಪಾಲು ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಪಡೆದದ್ದು. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹುಟ್ಟಿದ ಮೇಲೆ ಸುಮಾರು ಆರು ತಿಂಗಳು ಮಗು ಈ ಗಂಟಿನಿಂದಲೇ ಕಾಲ ಹಾಕಬೇಕು. ಒಂದು ಬಸುರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ ಅಂತ ನಮ್ಮ ಲೆಕ್ಕ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ತಾಯಿಯ ಹೊಸ ರಕ್ತಕ್ಕೆ, 300ರಷ್ಟು ಮಗುವಿಗೂ ಮಾಸಿಗೂ. ಬಹುಪಾಲು ಬೇಕಾಗುವುದು ಬಸುರಿನ ದ್ವಿತೀಯಾರ್ಧದಲ್ಲಿ, ದಿನಕ್ಕೆ 6ರಿಂದ 7 ಮಿಲಿಗ್ರಾಂ ರಕ್ತಕ್ಕೆ ಸೇರಬೇಕು. ಬಾಯಿಗೆ ಹೋಗಬೇಕಾದದ್ದಲ್ಲ, ರಕ್ತಕ್ಕೆ ಸೇರಬೇಕಾದದ್ದು. ನಮ್ಮ ಮುದ್ದೆ, ಸೊಪ್ಪಿನ ಸಾರು, ಅನ್ನದ ಊಟದಿಂದ ಅಷ್ಟು ಸೇರುವುದಿಲ್ಲ. ರಾಗಿಯ ಬಗ್ಗೆ ನನಗೂ ಪ್ರೀತಿಯಿದೆ, ಸುಣ್ಣದ ಅಂಶಕ್ಕೆ ಅದಕ್ಕೆ ಸಾಟಿಯಿಲ್ಲ. ಕಬ್ಬಿಣದ ವಿಷಯದಲ್ಲಿ ಮಾತ್ರ ಅದೊಂದನ್ನೇ ನಂಬಿ ಕೂರುವಂತಿಲ್ಲ.

ಬೀಟ್ರೂಟು, ದಾಳಿಂಬೆಯಂತೂ ಇನ್ನೂ ಇಲ್ಲ. ಬಣ್ಣ ಕೆಂಪಗಿದೆ ಅಂತ ಗಂಡಂದಿರು ದುಬಾರಿ ಕೊಟ್ಟು ದಾಳಿಂಬೆ ತರುತ್ತಾರೆ. ಹೆಂಡತಿಯ ಮೇಲಿನ ಆ ಅಕ್ಕರೆ ದೊಡ್ಡದು, ತಿನ್ನಲಿ. ಆದರೆ 100 ಗ್ರಾಂ ದಾಳಿಂಬೆಯಲ್ಲಾಗಲೀ ಬೀಟ್ರೂಟಿನಲ್ಲಾಗಲೀ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದು ಪುಕ್ಕಟೆ ಕೊಡುವ ಆ ಒಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಇದೆ, ಜೊತೆಗೆ ಫೋಲಿಕ್ ಆಸಿಡ್ಡೂ ಇದೆ.

ಮಾತ್ರೆ ನಿಲ್ಲಲು ಇನ್ನೊಂದು ಕಾರಣ ಬಣ್ಣದ್ದು. ಆರನೇ ತಿಂಗಳ ಹೊತ್ತಿಗೆ ಹೊಕ್ಕುಳಿನಿಂದ ಕೆಳಕ್ಕೆ ಕಪ್ಪು ಗೆರೆ ಮೂಡುತ್ತದೆ, ಕತ್ತು ಕಪ್ಪಾಗುತ್ತದೆ, ಕೆನ್ನೆ ಮೇಲೆ ಬಂಗು ಬರುತ್ತದೆ. ಅದೇ ಹೊತ್ತಿಗೆ ಮಾತ್ರೆಯಿಂದ ಮಲವೂ ಕಪ್ಪಾಗಿರುತ್ತದೆ. ಎರಡನ್ನೂ ಸೇರಿಸಿ, ಮಗುವೂ ಕಪ್ಪಾಗುತ್ತೆ ಅಂತ ಮನೆಯವರು ಹೆದರುತ್ತಾರೆ. ಮೈಮೇಲಿನ ಕಪ್ಪು ಬಸುರಿನ ಹಾರ್ಮೋನುಗಳದ್ದು, ಮಾತ್ರೆ ಮುಟ್ಟದವರಿಗೂ ಬರುತ್ತದೆ, ಹೆರಿಗೆಯ ನಂತರ ಬಹುಮಟ್ಟಿಗೆ ತಿಳಿಯಾಗುತ್ತದೆ. ಮಲ ಕಪ್ಪಾಗುವುದು ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಹೋಗುವುದರಿಂದ. ಮಗುವಿನ ಬಣ್ಣ ಅಪ್ಪ, ಅಮ್ಮ, ಅಜ್ಜಿ, ತಾತಂದಿರಿಂದ ಬಂದದ್ದು. ಕಪ್ಪಗಿದ್ದರೆ ಏನಾಯಿತು ಅಂತಲೂ ನಾನು ಕೇಳುತ್ತೇನೆ, ಅದಕ್ಕೆ ಉತ್ತರ ಸಿಗುವುದಿಲ್ಲ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಅನ್ನುವುದೂ ಹೀಗೇ. ಕಬ್ಬಿಣ ಮಗುವಿಗೆ ಕೊಬ್ಬು ಕೂಡಿಸುವುದಿಲ್ಲ. ಆ ಚಿಂತೆ ಇರುವವರು ಈ ವಾರಗಳಲ್ಲಿ ಗ್ಲೂಕೋಸ್ ಕುಡಿದು ಮಾಡಿಸುವ ಸಕ್ಕರೆ ಪರೀಕ್ಷೆಯನ್ನು ತಪ್ಪಿಸದಿರಲಿ.

ದಿನವೂ ನುಂಗಿ, ಆದರೂ ಪ್ರಯೋಜನ ಕಾಣದವರೂ ಇದ್ದಾರೆ. ಅವರನ್ನು ನಾನು ಕೇಳುವುದು ಒಂದೇ: ಯಾವುದರ ಜೊತೆ ನುಂಗುತ್ತೀಯಮ್ಮ? "ಹಾಲಿನ ಜೊತೆ ಮೇಡಂ, ಶಕ್ತಿ ಬರ್ಲಿ ಅಂತ." ಇಲ್ಲವೇ ಬೆಳಗಿನ ಕಾಫಿ. ಹಾಲಿನಲ್ಲಿರುವ ಕ್ಯಾಲ್ಸಿಯಂ, ಕಾಫಿ ಟೀಯಲ್ಲಿರುವ ಒಗರು ಅಂಶ, ಎರಡೂ ಕಬ್ಬಿಣವನ್ನು ಹೊಟ್ಟೆಯಲ್ಲೇ ತಡೆಯುತ್ತವೆ. ಈ ತಿಂಗಳಲ್ಲಿ ಎದೆಯುರಿ ಅಂತ ನುಂಗುವ ಗ್ಯಾಸಿನ ಮಾತ್ರೆಯೂ ಅದನ್ನೇ ಮಾಡುತ್ತದೆ. ಬಹಳ ಜನ ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಂದೇ ಗುಟುಕಿಗೆ ಮುಗಿಸುತ್ತಾರೆ. ಬೇಡ. ಕಬ್ಬಿಣ ನಿಂಬೆ ಪಾನಕದ ಜೊತೆ, ಅದಿಲ್ಲದಿದ್ದರೆ ಬರೀ ನೀರಿನ ಜೊತೆ. ಕಾಫಿ, ಹಾಲು, ಕ್ಯಾಲ್ಸಿಯಂಗೂ ಅದಕ್ಕೂ ಒಂದೆರಡು ಗಂಟೆ ಅಂತರವಿರಲಿ. ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹತ್ತುತ್ತದೆ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ನುಂಗಿ ಮಲಗಿ. ಸ್ವಲ್ಪ ಕಡಿಮೆ ಹತ್ತಿದರೂ ನುಂಗದೇ ಇರುವುದಕ್ಕಿಂತ ಎಷ್ಟೋ ವಾಸಿ. ಮಲಬದ್ಧತೆ ತಡೆಯಲಾರದಷ್ಟಿದ್ದರೆ ಬಂದು ಹೇಳಿ, ಮಾತ್ರೆ ಬದಲಾಯಿಸಬಹುದು. ಯಾರಿಗೂ ಹೇಳದೆ ಡಬ್ಬಿಗೆ ಹಾಕಿಡಬೇಡಿ.

ಬಳಪದ ಮಾತು ಬಿಡುವಂತಿಲ್ಲ. ಬಳಪ, ಹಸಿ ಅಕ್ಕಿ, ವಿಭೂತಿ, ಗೋಡೆಯ ಮಣ್ಣು ತಿನ್ನಬೇಕು ಅನಿಸುವುದನ್ನು ನಮ್ಮಲ್ಲಿ ಬಯಕೆ ಅಂತ ನಗುತ್ತಾ ಪೂರೈಸುತ್ತಾರೆ. ಒಬ್ಬಾಕೆಯ ಸೆರಗಿನ ತುದಿಯಲ್ಲಿ ಗಂಟು ಇತ್ತು. ಬಿಚ್ಚಿಸಿದರೆ ಆರು ತುಂಡು ಸ್ಲೇಟಿನ ಬಳಪ, ಒಂದರ ತುದಿಯಲ್ಲಿ ಹಲ್ಲಿನ ಗುರುತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಬೆಳ್ಳಗಿತ್ತು. ಹಿಮೋಗ್ಲೋಬಿನ್ 7.4. ಇಂಥ ಬಯಕೆಯ ಹಿಂದೆ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಹುಳಿ ಮಾವು ಬೇಡಿದರೆ ಕೊಡಿ, ಬಳಪ ಬೇಡಿದರೆ ರಕ್ತ ಪರೀಕ್ಷೆ ಮಾಡಿಸಿ.

ಇಷ್ಟೆಲ್ಲ ತಿಳಿದ ಮನೆಯಲ್ಲೂ ಒಂದು ಕಡೆ ಮಾತ್ರೆ ತಪ್ಪಿಹೋಗುತ್ತದೆ. ಏಳನೇ ತಿಂಗಳಲ್ಲಿ ಸೀಮಂತ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಸೀರೆ, ಕೊಬ್ಬರಿ, ಎಲೆ ಅಡಿಕೆ ಎಲ್ಲ ಕಾರು ಹತ್ತುತ್ತವೆ. ಮಾತ್ರೆ ಅತ್ತೆ ಮನೆಯ ಗೂಡಿನಲ್ಲೇ ಉಳಿಯುತ್ತದೆ. ತವರಿನಲ್ಲಿ ಹೊಸ ಆಶಾ, ಹೊಸ ಆಸ್ಪತ್ರೆ. ಅಲ್ಲಿಯವರು ಮಾತ್ರೆ ಇದೆ ಅಂದುಕೊಂಡಿರುತ್ತಾರೆ, ಇಲ್ಲಿಯವರು ಅಲ್ಲಿ ಕೊಡುತ್ತಾರೆ ಅಂದುಕೊಂಡಿರುತ್ತಾರೆ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷ ಒಂದು ರಾತ್ರಿ ನೋವು ಶುರುವಾಗಿ ಬಂದವಳ ರಕ್ತ 6.2 ಇತ್ತು. ಹೆರಿಗೆಯಲ್ಲಿ ಹೋದ ರಕ್ತ ಬೇರೆಯವರಿಗಾದರೆ ಲೆಕ್ಕಕ್ಕೇ ಇಲ್ಲದಷ್ಟು. ಅವಳಿಗೆ ಅದೇ ಹೆಚ್ಚಾಯಿತು. ತುಟಿ ಬಿಳಿಚಿ, ನಾಡಿ ಕೈಗೆ ಸಿಗದ ಹಾಗಾಯಿತು. ಅವಳ ತಂದೆ ರಕ್ತಕ್ಕಾಗಿ ಬೇರೆ ಊರಿಗೆ ಹೋಗಿ ಬರುವ ಹೊತ್ತಿಗೆ ಬೆಳಕು ಹರಿದಿತ್ತು. ಬದುಕಿದಳು. ಮಗು ಎರಡು ಕಿಲೋ ಇರಲಿಲ್ಲ, ಅದೂ ಉಳಿಯಿತು. ಎರಡು ದಿನದ ಮೇಲೆ ಅತ್ತೆ ಮನೆಯವರು ನೋಡಲು ಬಂದಾಗ ಒಂದು ಕವರು ತಂದರು: "ಇದು ಅಲ್ಲೇ ಬಿಟ್ಟು ಬಂದಿದ್ಲು, ಬೇಕಾಗುತ್ತೇನೋ ಅಂತ." ಒಂಬತ್ತು ಶೀಟು. ಒಂದೂ ಒಡೆದಿರಲಿಲ್ಲ. ಆ ಕವರನ್ನು ಕೈಯಲ್ಲಿ ಹಿಡಿದು ನಿಂತದ್ದು ನನಗೆ ಇನ್ನೂ ನೆನಪಿದೆ. ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ರಕ್ತ ಕಡಿಮೆಯಿರುವುದೆಲ್ಲ ಕಬ್ಬಿಣದ ಕೊರತೆಯಲ್ಲ. ಬಿ12 ಕೊರತೆ, ಥಲಸ್ಸೀಮಿಯಾದಂಥ ವಂಶದಿಂದ ಬರುವ ತೊಂದರೆ, ಹೊಟ್ಟೆಯ ಹುಳ, ಮೂಲವ್ಯಾಧಿಯ ರಕ್ತಸ್ರಾವ, ಯಾವುದೂ ಇರಬಹುದು. ರಕ್ತಹೀನತೆ ಇರುವವರಿಗೆ ಒಂದು ತಿಂಗಳು ಸರಿಯಾಗಿ ನುಂಗಿಯೂ ಅಂಕಿ ಏರದಿದ್ದರೆ ಕಾರಣ ಹುಡುಕಬೇಕು. ನೀವೇ ಎರಡು, ಮೂರು ಮಾತ್ರೆಗೆ ಏರಿಸಿಕೊಳ್ಳಬೇಡಿ. ಯಾರಿಗೆ ಎಷ್ಟು, ಯಾರಿಗೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡಬೇಕು ಅನ್ನುವುದು ಅವರವರ ರಕ್ತ, ವಾರ ನೋಡಿ ತೀರ್ಮಾನವಾಗುವ ಸಂಗತಿ. 7ಕ್ಕಿಂತ ಕೆಳಗಿದ್ದರೆ ಮನೆಯಲ್ಲಿಟ್ಟುಕೊಂಡು ನೋಡುವ ಮಾತೇ ಇಲ್ಲ, ಆಸ್ಪತ್ರೆಗೆ ಸೇರಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇ 52.2 ಜನಕ್ಕೆ ರಕ್ತಹೀನತೆ ಕಂಡುಬಂದಿತ್ತು. ಹೀಗಾಗಿ "ನಮ್ಮ ಹುಡುಗಿಗೆ ಏನೂ ಇಲ್ಲ" ಅನ್ನುವ ಮೊದಲು ಒಮ್ಮೆ ನೋಡಿಸಿಬಿಡಿ.

ಆ ಚೊಚ್ಚಲ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು, ಸೀಮಂತದ ದಿನ ಗೊತ್ತುಮಾಡಿಕೊಂಡು. 30 ವಾರ. ಟೇಪಿನಲ್ಲಿ ಗರ್ಭಕೋಶದ ಎತ್ತರ ಅಳೆದೆ, 29 ಸೆಂಟಿಮೀಟರ್, ಸರಿಯಾಗಿದೆ. ಶೀಟು ಎಣಿಸಿದೆ, ಎರಡು ದಿನ ತಪ್ಪಿತ್ತು, ಯಾವುದೋ ಮದುವೆಗೆ ಹೋಗಿದ್ದರಂತೆ. ತವರು ಅರಸೀಕೆರೆ ಕಡೆಯ ಹಳ್ಳಿ. ಅಲ್ಲಿಗೆ ಬೇಕಾದ ಎರಡು ತಿಂಗಳ ಮಾತ್ರೆ ಬರೆದುಕೊಟ್ಟೆ. ಅತ್ತೆ ಚೀಟಿ ಇಸಿದುಕೊಂಡು, "ಮಡಿಲಕ್ಕಿ ಜೊತೇಲೇ ಇಡ್ತೀನಿ, ಆಗ ಮರ್ಯಲ್ಲ" ಅಂದರು. ಬಾಗಿಲವರೆಗೂ ಹೋದವರು ತಿರುಗಿ ಬಂದು ಕೇಳಿದರು: "ಹೆರಿಗೆ ಆದ್ಮೇಲೆ ನಿಲ್ಲಿಸ್ಬೋದಲ್ವಾ ಮೇಡಂ?"

"ಇಲ್ಲಮ್ಮ, ಆಮೇಲೂ ಆರು ತಿಂಗಳು" ಅಂದೆ. ಬಂದು ಮತ್ತೆ ಕುರ್ಚಿಯ ಮೇಲೆ ಕೂತರು.