ಸ್ಕೂಬಾ ಕಾರ್ಡ್ ಹಾಗೇ ಇದೆ, ಕಿವಿ ಹೇಗಿದೆ?

ಹೋದ ಚಳಿಗಾಲದಲ್ಲಿ ಮಂಡ್ಯದ ಕಡೆಯಿಂದ ಒಬ್ಬರು ಮೈಸೂರಿನ ನನ್ನ ಕ್ಲಿನಿಕ್‌ಗೆ ಬಂದಿದ್ದರು. ವಯಸ್ಸು 46. ಊರಲ್ಲಿ ಕಬ್ಬು, ಒಂದು ಆಲೆಮನೆ. ಹೊರದೇಶದಲ್ಲಿ ಕೆಲಸದಲ್ಲಿದ್ದಾಗ ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದನ್ನು, ಕಲಿತು ಓಪನ್ ವಾಟರ್ ಅನ್ನುವ ಮೊದಲ ಹಂತದ ಸರ್ಟಿಫಿಕೇಟ್ ಕಾರ್ಡ್ ತಗೊಂಡಿದ್ದರಂತೆ. ಊರಿಗೆ ಬಂದ ಮೇಲೆ ಹದಿನೈದು ವರ್ಷ ಅದರ ಸುದ್ದಿಯೇ ಇಲ್ಲ. ಈಗ ಮಗಳು ಕಾಲೇಜಿಗೆ ಬಂದಿದ್ದಾಳೆ, ಅವಳಿಗೂ ಕಲಿಯುವ ಆಸೆ. ಇಬ್ಬರೂ ಸೇರಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಕೈಯಲ್ಲಿ ಒಂದು ಮೆಡಿಕಲ್ ಫಾರಂ. "ಕಾರ್ಡ್ ಇನ್ನೂ ನಡೆಯುತ್ತಂತೆ ಮೇಡಂ. ನೀವೊಂದು ಸೈನ್ ಹಾಕಿದ್ರೆ ಆಯ್ತು" ಅಂದರು.

ಕಾರ್ಡ್ ನಡೆಯುವುದು ನಿಜ. ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆ ಕೊಡುವ ಓಪನ್ ವಾಟರ್ ಸರ್ಟಿಫಿಕೇಟ್‌ಗೆ ಮುಗಿಯುವ ತಾರೀಖು ಇಲ್ಲ. ಜೊತೆಗಾರರೊಂದಿಗೆ 18 ಮೀಟರ್ ಆಳದವರೆಗೆ ಇಳಿಯಬಹುದು ಅಂತ ಅವತ್ತು ಸಿಕ್ಕ ಒಪ್ಪಿಗೆ ಇವತ್ತಿಗೂ ಇರುತ್ತದೆ. ಆದರೆ ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ನಾನು ನೋಡಬೇಕಾದದ್ದು ಅವರ ಇವತ್ತಿನ ಕಿವಿ.

ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತದೆ, ಅಲ್ವಾ? ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿಂದ ಮಂಗಳೂರಿನ ಕಡಲತೀರಕ್ಕೆ ಬರುವಷ್ಟರಲ್ಲಿ ಕಿವಿ ತಮಟೆಯ ಮೇಲೆ ಎಷ್ಟು ಒತ್ತಡ ಏರುತ್ತದೋ, ಸಮುದ್ರದಲ್ಲಿ ಬರೀ ಒಂದೂಕಾಲು ಮೀಟರ್ ಇಳಿದರೆ ಅಷ್ಟೇ ಏರುತ್ತದೆ. ಘಾಟಿಯಲ್ಲಿ ಗಂಟೆಗಟ್ಟಲೆ ಆಗುವುದು ನೀರಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಆಗುತ್ತದೆ. 10 ಮೀಟರ್‌ಗೆ ಹೋದರೆ ಒಟ್ಟು ಒತ್ತಡ ಮೇಲಿದ್ದದ್ದರ ಎರಡರಷ್ಟು.

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ. ಮೂಗಿನ ಹಿಂಭಾಗದಿಂದ ಹೊರಡುವ ಯೂಸ್ಟೇಶಿಯನ್ ನಾಳ ಅದಕ್ಕೆ ಗಾಳಿ ಕೊಡುತ್ತದೆ. ಈ ನಾಳ ಸುಮ್ನೆ ಇರುವಾಗ ಮುಚ್ಚಿರುತ್ತದೆ, ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ನೀರಿಗೆ ಇಳಿಯುವವರು ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ತೆರೆಸುತ್ತಾರೆ. ಇದನ್ನು ನೋವು ಶುರುವಾಗುವ ಮುಂಚೆಯೇ ಮಾಡಬೇಕು. ನೋವು ಬರುವ ಹೊತ್ತಿಗೆ ಒತ್ತಡ ನಾಳದ ಬಾಯಿಯನ್ನು ಅಮುಕಿ ಹಿಡಿದಿರುತ್ತದೆ. ಆಗ ಹಟ ಹಿಡಿದು ಜೋರಾಗಿ ಊದಿದರೆ ಒಳಕಿವಿಗೇ ಪೆಟ್ಟು ಬೀಳಬಹುದು. ಅಲ್ಲಿಗೇ ನಿಂತು, ಸ್ವಲ್ಪ ಮೇಲೆ ಬಂದು, ಮತ್ತೆ ಪ್ರಯತ್ನಿಸಬೇಕು. ಬಿಡದಿದ್ದರೆ ಅವತ್ತಿನ ಡೈವ್ ಮುಗಿಯಿತು ಅಂತಲೇ ಅರ್ಥ.

ಇವರಿಗೆ ಮೂಗು ಹಿಡಿದು ಊದಲು ಹೇಳಿ ಕಿವಿಯೊಳಗೆ ನೋಡಿದೆ. ಎಡಗಡೆಯ ತಮಟೆ ಅಲುಗಾಡಿತು. ಬಲಗಡೆಯದು ಅಲುಗಾಡಲೇ ಇಲ್ಲ. ಕೇಳಿದರೆ, ವರ್ಷಗಳಿಂದ ಬೆಳಗ್ಗೆ ಎದ್ದರೆ ಸೀನು, ಆಲೆಮನೆ ಹೊಗೆ ತಾಗಿದರೆ ಮೂಗು ಕಟ್ಟುತ್ತದೆ. "ಅದೆಲ್ಲ ಅಭ್ಯಾಸ ಆಗೋಗಿದೆ ಮೇಡಂ" ಅಂದರು. ನಡುವಯಸ್ಸಿನಲ್ಲಿ ಡೈವಿಂಗ್‌ಗೆ ಮರಳುವವರಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಅಲರ್ಜಿಯಿಂದ ಮೂಗಿನ ಜೊತೆ ಆ ನಾಳವೂ ಕಟ್ಟುತ್ತದೆ. ಆದರೆ ಅಲರ್ಜಿ ಅಭ್ಯಾಸವಾಗಿರುತ್ತದೆ, ಆದ್ದರಿಂದ ಕಾಯಿಲೆ ಅನ್ನಿಸುವುದೇ ಇಲ್ಲ. ದಿನಾ ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದುಕೊಟ್ಟು, ಆರು ವಾರ ಬಿಟ್ಟು ಬನ್ನಿ ಅಂದೆ. ಫಾರಂಗೆ ಸೈನ್ ಹಾಕಲಿಲ್ಲ. ಅವರಿಗೆ ಬೇಜಾರಾಯಿತು.

ಕಟ್ಟಿದ ಮೂಗನ್ನು ಆ ಹೊತ್ತಿಗೆ ಬಿಡಿಸುವ ಡ್ರಾಪ್ಸ್ ಹಾಕಿಕೊಂಡು ಇಳಿಯಬೇಡಿ ಅಂತಲೂ ಹೇಳಿದೆ. ಇದನ್ನು ನಾನೇ ಅನುಭವಿಸಿದ್ದೇನೆ. ಕೆಲವು ವರ್ಷದ ಹಿಂದೆ ನೆಗಡಿ ಇದ್ದಾಗ ಡ್ರಾಪ್ಸ್ ಹಾಕಿಕೊಂಡು ಇಳಿದೆ. ದೋಣಿಯಲ್ಲಿದ್ದವರು "ಏನೂ ಆಗಲ್ಲ" ಅಂದಿದ್ದರು. ಇಳಿಯುವಾಗ ಏನೂ ಆಗಲಿಲ್ಲ. ಕೆಳಗಿದ್ದಾಗ ಔಷಧಿಯ ಪ್ರಭಾವ ಇಳಿದು ಮೂಗು ಮತ್ತೆ ಕಟ್ಟಿತು. ಮೇಲೆ ಬರುವಾಗ ಸೈನಸ್‌ನಲ್ಲಿ, ಅಂದರೆ ಹಣೆಯ ಮೂಳೆಯೊಳಗಿನ ಟೊಳ್ಳಿನಲ್ಲಿ, ಹಿಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಹುಬ್ಬಿನ ಮೇಲೆ ಚುಚ್ಚಿದಂಥ ನೋವು, ಮಾಸ್ಕ್ ತೆಗೆದರೆ ಒಳಗೆ ರಕ್ತ. ಇಳಿಯುವಾಗ ಕಿವಿ ಬಿಡದಿದ್ದರೆ ವಾಪಸ್ ಬರಬಹುದು. ಮೇಲೆ ಬರುವಾಗ ಕಟ್ಟಿದರೆ ಎಲ್ಲಿಗೆ ಹೋಗುವುದು? ಸಿಲಿಂಡರ್‌ನಲ್ಲಿ ಗಾಳಿ ಮುಗಿಯುತ್ತಾ ಇರುತ್ತದೆ.

ಕಿವಿ ಸೋರುವವರು, ತಮಟೆಯಲ್ಲಿ ತೂತು ಇರುವವರು ಅದು ಪೂರ್ತಿ ವಾಸಿಯಾಗುವವರೆಗೆ ಇಳಿಯಲೇಬಾರದು. ತಣ್ಣೀರು ಒಳಗೆ ಹೋದರೆ ತಲೆ ಗಿರ್ರನೆ ತಿರುಗಿ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದಿಲ್ಲ.

ಫಾರಂನಲ್ಲಿ 45 ದಾಟಿದವರಿಗೆ ಬೇರೆ ಪ್ರಶ್ನೆಗಳಿವೆ: ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ಕಾಯಿಲೆಯಿಂದ ಹೋದರಾ ಅಂತ. ದಯವಿಟ್ಟು ಸತ್ಯ ಬರೆಯಿರಿ. ನೀರಿನಲ್ಲಿದ್ದಾಗ ಕಾಲಿನ ರಕ್ತ ಎದೆಯ ಕಡೆ ಬಂದು ಹೃದಯಕ್ಕೆ ಕೆಲಸ ಹೆಚ್ಚುತ್ತದೆ. 1.6 ಕಿಲೋಮೀಟರ್ ಅನ್ನು 14 ನಿಮಿಷದಲ್ಲಿ ನಡೆಯಲು ಕಷ್ಟವೇ ಅಂತಲೂ ಅದರಲ್ಲಿ ಕೇಳಿದ್ದಾರೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಗಡಿಯಾರ ನೋಡಿಕೊಂಡು ನಡೆಯಿರಿ, ಗೊತ್ತಾಗುತ್ತದೆ.

"ನಾಲೇಲಿ ಈಜಿ ಬೆಳೆದೋನು ನಾನು" ಅಂತ ಅವರು ಹೇಳಿದ್ದು ನನಗೆ ಇನ್ನೊಂದು ಚಿಂತೆ ತಂದಿತು. ನಾಲೆಯಲ್ಲಿ ಮುಳುಗುವ ಹುಡುಗರು ಕಲಿಯುವುದೇ ಉಸಿರು ಕಟ್ಟುವುದನ್ನು. ಸ್ಕೂಬಾದಲ್ಲಿ ಉಸಿರು ಕಟ್ಟಲೇಬಾರದು. 10 ಮೀಟರ್ ಕೆಳಗೆ ಸಿಲಿಂಡರ್‌ನಿಂದ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಕಟ್ಟಿ ಹಿಡಿದರೆ ಶ್ವಾಸಕೋಶ ಹರಿಯಬಹುದು. ಗಾಬರಿಯಾದಾಗ ಕೈಕಾಲು ಬಾಲ್ಯದ ಪಾಠಕ್ಕೇ ಹೋಗುತ್ತವೆ. ಅದಕ್ಕೇ ಮೊದಲು ಈಜುಕೊಳದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ರಿಫ್ರೆಶರ್ ಮಾಡಿ ಅನ್ನುವುದು. ಮಾಸ್ಕ್‌ಗೆ ನೀರು ತುಂಬಿಸಿ ಖಾಲಿ ಮಾಡುವುದು, ಬಾಯಿಂದ ಜಾರಿದ, ಸಿಲಿಂಡರ್‌ನ ಗಾಳಿ ಕೊಡುವ ರೆಗ್ಯುಲೇಟರ್ ಹುಡುಕಿ ಹಾಕಿಕೊಳ್ಳುವುದು, ಎಲ್ಲ ಮತ್ತೆ ಕೈಗೆ ಬರಲಿ.

ವಾಪಸ್ ಬರುವ ದಾರಿಯನ್ನೂ ಮುಂಚೆಯೇ ಯೋಚಿಸಿ. ನಮ್ಮ ಕಡೆಯವರು ಶನಿವಾರ, ಭಾನುವಾರ ಡೈವ್ ಮಾಡಿ ಭಾನುವಾರ ರಾತ್ರಿಯೇ ಹೊರಟುಬಿಡುತ್ತಾರೆ. ಆಳದಲ್ಲಿ ಉಸಿರಾಡುವಾಗ ಸಾರಜನಕ ಮೈಯಲ್ಲಿ ಕರಗುತ್ತದೆ, ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರಲ್ಲೇ ಎತ್ತರಕ್ಕೆ ಹೋದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳಬಹುದು. ವಿಮಾನ ಹತ್ತುವ ಮುಂಚೆ ಒಂದು ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಬಿಡಿ ಅನ್ನುವುದು ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಅದು ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಮೈಸೂರು ಇರುವುದು ಸುಮಾರು 770 ಮೀಟರ್ ಮೇಲೆ. ಮಡಿಕೇರಿ ಮೇಲೆ ಬಂದರೆ ಇನ್ನೂ ಎತ್ತರ. ಬಂದ ಒಂದೆರಡು ದಿನದಲ್ಲಿ ಕೀಲು ನೋವು, ಜುಮ್ಮುಗಟ್ಟುವುದು, ತಲೆ ತಿರುಗುವುದು, ಕಾರಣವಿಲ್ಲದ ಸುಸ್ತು ಕಂಡರೆ ಪ್ರಯಾಣದ ಆಯಾಸ ಅಂತ ಮಲಗಬೇಡಿ. ತಕ್ಷಣ ಡಾಕ್ಟರ ಹತ್ತಿರ ಹೋಗಿ, ಡೈವ್ ಮಾಡಿದ್ದೆ ಅಂತ ನೀವಾಗಿಯೇ ಹೇಳಿ. ಅವರಿಗೆ ಅದನ್ನು ಕೇಳಬೇಕು ಅಂತ ಹೊಳೆಯದೇ ಇರಬಹುದು.

ಆರು ವಾರದ ಮೇಲೆ ಅವರ ಬಲಗಿವಿ ತಮಟೆಯೂ ಅಲುಗಾಡಿತು. ಬಿಪಿ, ಇಸಿಜಿ ಎಲ್ಲ ಫಿಸಿಶಿಯನ್ ನೋಡಿದ ಮೇಲೆ ಸೈನ್ ಹಾಕಿದೆ. ಮಾರ್ಚ್‌ನಲ್ಲಿ ಮುರುಡೇಶ್ವರದಿಂದಲೇ ಫೋನ್ ಮಾಡಿದರು. "ಮೊದಲನೇ ದಿನ ಬಲಗಿವಿ ಬಿಡಲಿಲ್ಲ ಮೇಡಂ. ನೋವು ಬರೋ ಮುಂಚೆಯೇ ಮೂರು ಮೀಟರ್‌ನಿಂದ ವಾಪಸ್ ಬಂದೆ. ಮಗಳು ಇನ್‌ಸ್ಟ್ರಕ್ಟರ್ ಜೊತೆ ಹೋದ್ಲು. ಇವತ್ತು ಬಿಡ್ತು, ಇಬ್ಬರೂ ಹೋಗಿ ಬಂದ್ವಿ." ಬಸ್ ಯಾವಾಗ ಅಂತ ಕೇಳಿದೆ. ನಾಳೆ ಮಧ್ಯಾಹ್ನದ್ದು ಅಂದರು.