ಹಳೆ ಮಾರುತಿ 800: ಪಿಕಪ್ ಇಲ್ಲ ಅಂದಾಗ ಎಲ್ಲಿಂದ ಹುಡುಕಬೇಕು?

(796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಮತ್ತು ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ಇರುವ ಗಾಡಿಗೆ)

"ಗಾಡಿ ಎಳೀತಿಲ್ಲ" ಅನ್ನುವ ಒಂದೇ ದೂರಿನಲ್ಲಿ ಮೂರು ಬೇರೆ ತೊಂದರೆಗಳು ಅಡಗಿರುತ್ತವೆ. ಆಕ್ಸಿಲೇಟರ್ ಒತ್ತಿದ ಕ್ಷಣದಲ್ಲಿ ಮುಗ್ಗರಿಸಿ ಆಮೇಲೆ ಸರಿಹೋಗುವುದು ಒಂದು. ಐಡ್ಲಿಂಗ್‌ನಿಂದ ಹಿಡಿದು ಎಲ್ಲ ವೇಗದಲ್ಲೂ ಮಿಸ್ಸಿಂಗ್ (ಸಿಲಿಂಡರ್ ಉರಿಯದೆ ತಪ್ಪುವುದು) ಹೊಡೆಯುವುದು ಇನ್ನೊಂದು. ಊರೊಳಗೆ ಚೆನ್ನಾಗಿ ಓಡಿ, ಶಿರಾಡಿ ಘಾಟಿಯಂಥ ಏರಿನಲ್ಲಿ ಸೋಲುವುದು ಮೂರನೆಯದು. ಯಾವಾಗ ಆಗುತ್ತದೆ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಎಂದು ಮಾಲೀಕರನ್ನು ಮೊದಲು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎಂಜಿನ್ ಮುಟ್ಟುವ ಮೊದಲು ಮೂರು ವಿಷಯ ನೋಡಿಬಿಡಿ. ಒಬ್ಬರು ಪೆಡಲ್ ಪೂರ್ತಿ ಒತ್ತಿದಾಗ ಕಾರ್ಬುರೇಟರ್‌ನ ಥ್ರಾಟಲ್ ಪೂರ್ತಿ ತೆರೆಯುತ್ತಿದೆಯೇ? ಜಾಕ್ ಹಾಕಿ ಗೇರ್ ನ್ಯೂಟ್ರಲ್‌ನಲ್ಲಿಟ್ಟು ತಿರುಗಿಸಿದರೆ ಚಕ್ರ ಸಲೀಸಾಗಿ ತಿರುಗುತ್ತಿದೆಯೇ, ಬ್ರೇಕ್ ಹಿಡಿದುಕೊಂಡಿದೆಯೇ? ಟಾಪ್ ಗೇರಿನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಅದು ಕ್ಲಚ್ ಸ್ಲಿಪ್.

ಇನ್ನು ಎಂಜಿನ್. ಹೊಸಬರು ನೇರವಾಗಿ ಕಾರ್ಬುರೇಟರ್ ಸ್ಕ್ರೂಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಇಗ್ನಿಷನ್ ಸರಿಮಾಡುವ ತನಕ ಕಾರ್ಬುರೇಟರ್ ಮುಟ್ಟಬಾರದು. ಇದಕ್ಕೆ ಗಟ್ಟಿ ಕಾರಣವಿದೆ. ಪಾಯಿಂಟ್‌ನ ಫೈಬರ್ ಹಿಮ್ಮಡಿ ಕ್ಯಾಮ್‌ಗೆ ಉಜ್ಜಿ ಸವೆದಂತೆ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಅಂದರೆ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ತಾನಾಗಿಯೇ ರಿಟಾರ್ಡ್ (ತಡ) ಆಗುತ್ತದೆ. ಯಾರೂ ಏನನ್ನೂ ಮುಟ್ಟದೆಯೇ ಗಾಡಿ ತಿಂಗಳಿಂದ ತಿಂಗಳಿಗೆ ಮಂಕಾಗುವುದು ಹೀಗೆ. ಆದ್ದರಿಂದ ಮೊದಲು ಫೀಲರ್ ಗೇಜ್‌ನಿಂದ ಗ್ಯಾಪ್ 0.4ರಿಂದ 0.5 ಮಿ.ಮೀ.ಗೆ ತನ್ನಿ, ಆಮೇಲೆ ಟೈಮಿಂಗ್ ಲೈಟ್ ಹಿಡಿಯಿರಿ. ಕ್ರಮ ತಿರುವುಮುರುವಾದರೆ ಟೈಮಿಂಗ್ ಮತ್ತೆ ಕೆಡುತ್ತದೆ. ಪಾಯಿಂಟ್ ಮುಖ ಸುಟ್ಟು ಗುಳಿ ಬಿದ್ದಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮೇಲೂ ಅನುಮಾನವಿರಲಿ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕರೆಂಟ್ ಅಲ್ಲಿ ಸೋರುತ್ತಿದೆ ಎಂದರ್ಥ. ಒರೆಸಿ ಫಲವಿಲ್ಲ, ಕ್ಯಾಪ್ ಬದಲಿಸಿ.

ಅಗತ್ಯಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸುವ ಅಡ್ವಾನ್ಸ್ ಕೆಲಸ ಮಾಡುತ್ತಿದೆಯೇ ಎಂದು ನೋಡುವವರು ಕಡಿಮೆ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರನ್ನು ಅದು ತಿರುಗುವ ದಿಕ್ಕಿಗೆ ಕೈಯಿಂದ ಸ್ವಲ್ಪ ತಿರುಗಿಸಿ ಬಿಡಿ, ಸ್ಪ್ರಿಂಗ್ ಎಳೆದು ವಾಪಸ್ ಬರಬೇಕು. ವ್ಯಾಕ್ಯೂಮ್ ಅಡ್ವಾನ್ಸ್ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ ಸಿರಿಂಜ್‌ನಿಂದ ಎಳೆದು ಹಿಡಿಯಿರಿ. ಬೇಸ್ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಂ ಹರಿದಿದೆ.

ಮಿಸ್ಸಿಂಗ್ ಇದ್ದರೆ ಐಡ್ಲಿಂಗ್‌ನಲ್ಲಿ ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡಿ: ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಅದರ ತುದಿಯನ್ನು ಗಾಡಿಯ ಲೋಹದ ಮೈಗೆ ಅರ್ಥ್ ಮಾಡಿ ಸ್ಟಾರ್ಟ್ ಮಾಡಿ. ಯಾವ ವೈರ್ ತೆಗೆದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಸತ್ತಿದೆ. ಮೂರರಲ್ಲಿ ಒಂದು ಹೋದರೆ ಮೂರನೇ ಒಂದು ಭಾಗ ಶಕ್ತಿ ಹೋದಂತೆ. ವೈರ್ ಮತ್ತೆ ಹಾಕುವಾಗ ಫೈರಿಂಗ್ ಆರ್ಡರ್ (ಸಿಲಿಂಡರ್ ಉರಿಯುವ ಕ್ರಮ) 1-3-2 ನೆನಪಿರಲಿ.

ಈಗ ಪೆಟ್ರೋಲ್. ಮುಗ್ಗರಿಕೆಗೆ ಮುಖ್ಯ ಆರೋಪಿ ಆಕ್ಸಿಲರೇಟರ್ ಪಂಪ್. ಥ್ರಾಟಲ್ ದಿಢೀರ್ ತೆರೆದಾಗ ಗಾಳಿ ತಕ್ಷಣ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಅಂತರ ತುಂಬಲೆಂದೇ ಈ ಪಂಪ್ ಇರುವುದು. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು ಏರ್ ಕ್ಲೀನರ್ ತೆಗೆದು ಥ್ರಾಟಲ್ ಕೈಯಿಂದ ಎಳೆಯಿರಿ. ಸಣ್ಣ ಧಾರೆ ಆ ಕ್ಷಣವೇ ಚಿಮ್ಮಬೇಕು. ತಡವಾದರೆ ಅಥವಾ ತೊಟ್ಟಿಕ್ಕಿದರೆ ಡಯಾಫ್ರಂ ಇಲ್ಲವೇ ನಾಝಲ್ ಕೆಟ್ಟಿದೆ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬರಿ ಪೆಟ್ರೋಲಿಗೆ ತೂಕದಲ್ಲಿ 14.7 ಪಟ್ಟು ಗಾಳಿ ಸರಿಯಾದರೆ ಇ20ಗೆ ಸುಮಾರು 13.5 ಪಟ್ಟು ಸಾಕು. ಕಾರ್ಬುರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಹಳೆ ಜೆಟ್ ಇದನ್ನು ಅರಿತು ಸರಿಹೊಂದಿಸಿಕೊಳ್ಳಲಾರದು, ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಆಗುತ್ತದೆ. ಹಳೆ ರಬ್ಬರ್ ಪೈಪು, ಡಯಾಫ್ರಂಗಳು ಎಥನಾಲ್‌ಗೆ ಉಬ್ಬಿ ಬಿರುಕು ಬಿಡುವ ಅಪಾಯವೂ ಉಂಟು. ಲೀನ್ ಹೌದೋ ಅಲ್ಲವೋ ತಿಳಿಯಲು ಚೋಕನ್ನು ಸ್ವಲ್ಪ ಎಳೆದು ಓಡಿಸಿ. ಓಟ ಸುಧಾರಿಸಿದರೆ ಲೀನ್, ಇನ್ನಷ್ಟು ಕೆಟ್ಟರೆ ರಿಚ್ (ಪೆಟ್ರೋಲ್ ಹೆಚ್ಚು). ಲೀನ್ ಇದ್ದರೆ ಜೆಟ್ ಬದಲಿಸುವ ಮೊದಲು ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್, ವ್ಯಾಕ್ಯೂಮ್ ಪೈಪುಗಳಲ್ಲಿ ಗಾಳಿ ಸೋರಿಕೆ ಹುಡುಕಿ.

ಐದಾರು ನಿಮಿಷ ಜೋರಾಗಿ ಓಡಿ ಸೋತು, ನಿಲ್ಲಿಸಿದರೆ ಮತ್ತೆ ಚೇತರಿಸಿಕೊಳ್ಳುವ ಗಾಡಿಯಲ್ಲಿ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಖಾಲಿಯಾಗುತ್ತಿದೆ. ಟ್ಯಾಂಕ್ ಮುಚ್ಚಳ ಸಡಿಲಿಸಿ ಓಡಿಸಿ ನೋಡಿ. ಸರಿಹೋದರೆ ಗಾಳಿಕಿಂಡಿ ಕಟ್ಟಿದೆ. ಇಲ್ಲವಾದರೆ ಪೆಟ್ರೋಲ್ ಫಿಲ್ಟರ್, ಆಮೇಲೆ ಗಾಡಿಯ ಪೆಟ್ರೋಲ್ ಪಂಪ್ ನೋಡಿ.

ಇಷ್ಟಾದರೂ ಸಿಗದಿದ್ದರೆ ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ. ಪುಸ್ತಕಗಳು ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಮಟ್ಟ) ಎನ್ನುತ್ತವೆ, ಅದು ಸಮುದ್ರಮಟ್ಟದ ಮಾತು. ಪ್ರತಿ 1,000 ಅಡಿಗೆ ಸುಮಾರು 1 ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ರೋಗವಲ್ಲ. ಮುಳ್ಳು ಲಯಬದ್ಧವಾಗಿ ಕುಸಿಯುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅಲುಗದೆ ಕೆಳಗೇ ನಿಂತಿದ್ದರೆ ಟೈಮಿಂಗ್ ತಡವಾಗಿರಬಹುದು, ಟೈಮಿಂಗ್ ಬೆಲ್ಟ್ ಹಲ್ಲು ಜಾರಿರಬಹುದು ಅಥವಾ ಎಲ್ಲೋ ಗಾಳಿ ಸೋರುತ್ತಿರಬಹುದು. 2,500 ಆರ್‌ಪಿಎಂನಲ್ಲಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಸೈಲೆನ್ಸರ್ ಕಟ್ಟಿದೆ.

ಕೊನೆಗೆ ಕಂಪ್ರೆಷನ್. ಎಂಜಿನ್ ಬಿಸಿ ಇರಲಿ, ಮೂರೂ ಪ್ಲಗ್ ತೆಗೆಯಿರಿ, ಕಾಯಿಲ್ ವೈರ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡಿ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಚದರ ಸೆಂ.ಮೀ.ಗೆ 1 ಕೆ.ಜಿ. ಮೀರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್, ಹೆಡ್ ಇಳಿಸುವ ಮೊದಲು ಟ್ಯಾಪೆಟ್ (ವಾಲ್ವ್ ಮೇಲಿನ ಸಂದು) ತೀರಾ ಬಿಗಿಯಾಗಿದೆಯೇ ಎಂದು ನೋಡಿ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ.